ವಾರದ ಇಪ್ಪತ್ತೊಂದು ಗಂಟೆ

ಮಾರ್ಚಿ–ಏಪ್ರಿಲ್ ತಿಂಗಳು ಬಂತೆಂದರೆ ಹಳೆಯ ಬೆಂಗಳೂರಿನ ಮನೆಗಳಲ್ಲಿ ಒಂದು ವಿಚಿತ್ರ ಸಂಕಟ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿ ಸಂಗೀತೋತ್ಸವದ ಚಪ್ಪರ ಏಳುತ್ತದೆ. ಶ್ರೀರಾಮ ಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವ ಅದು. ಅದೇ ವೇಳೆಗೆ ಮನೆಯೊಳಗೆ ಪರೀಕ್ಷೆಯ ಕಾಲ. ಪಿಟೀಲು ಕಲಿಯುತ್ತಿದ್ದ ಮಗಳು ಪಿ.ಯು.ಸಿ. ಎರಡನೆಯ ವರ್ಷಕ್ಕೆ ಕಾಲಿಟ್ಟ ದಿನವೇ ಪಿಟೀಲಿನ ಪೆಟ್ಟಿಗೆ ಅಟ್ಟ ಸೇರಿರುತ್ತದೆ. ಮಗನ ಕ್ರಿಕೆಟ್ ಬ್ಯಾಟು ಬಾಗಿಲ ಹಿಂದೆ ನಿಂತಿರುತ್ತದೆ. "ಈ ಒಂದು ವರ್ಷ ಬಿಡು, ಆಮೇಲೆ ಎಲ್ಲ ಇದ್ದೇ ಇದೆಯಲ್ಲ" ಎಂದು ಹಿರಿಯರು ಹೇಳುತ್ತಾರೆ. ಮಕ್ಕಳು ಒಪ್ಪುತ್ತಾರೆ.

ಆದರೆ ಆ 'ಆಮೇಲೆ' ಎಷ್ಟು ಮನೆಗಳಲ್ಲಿ ಬಂದಿದೆ? ಪಿ.ಯು.ಸಿ. ಮುಗಿದರೆ ಪ್ರವೇಶ ಪರೀಕ್ಷೆ, ಅದು ಮುಗಿದರೆ ಕಾಲೇಜು, ಅದಾದ ಮೇಲೆ ನೌಕರಿಯ ಹುಡುಕಾಟ. ಅಟ್ಟ ಸೇರಿದ ಪಿಟೀಲಿನ ತಂತಿಗೆ ತುಕ್ಕು ಹಿಡಿಯುತ್ತದೆ. ನಲವತ್ತು ದಾಟಿದ ಮೇಲೆ ವೈದ್ಯರು "ದಿನಾ ನಡೆಯಿರಿ" ಎಂದಾಗ, ಹದಿನೇಳರಲ್ಲಿ ಬಿಟ್ಟ ಆಟ ನೆನಪಿಗೆ ಬರುತ್ತದೆ. ಆದ್ದರಿಂದ ಓದಿನ ಜೊತೆಗೆ ವ್ಯಾಯಾಮ, ಹವ್ಯಾಸ ಮತ್ತು ಸೃಜನಶೀಲ ಕೆಲಸ ಈ ಮೂರಕ್ಕೂ ಜಾಗ ಮಾಡುವುದು ಹೇಗೆ ಎಂಬ ಪ್ರಶ್ನೆ ಬರೀ ಮನರಂಜನೆಯ ಪ್ರಶ್ನೆಯಲ್ಲ. ನೀವು ಮುಂದೆ ಎಂಥ ಮನುಷ್ಯರಾಗಿ ಉಳಿಯುತ್ತೀರಿ ಎಂಬುದೂ ಇದರಲ್ಲಿ ಅಡಗಿದೆ.

ಪರದೆಯ ಮೇಲೆ ಕೇಳಿದ ಮಾತು ಕೇಳಿದಷ್ಟೇ ಬೇಗ ಮರೆತುಹೋಗಬಹುದು. ಕಾಗದ, ಪೆನ್ಸಿಲು ಹಿಡಿದು ಮಾಡಬೇಕಾದ ಲೆಕ್ಕಕ್ಕೆ ಈ ಪುಟಗಳೇ ಸರಿ. ಬನ್ನಿ, ಮೊದಲು ಲೆಕ್ಕ ಹಾಕೋಣ.

ಲೆಕ್ಕ ಏನು ಹೇಳುತ್ತದೆ?

ದಿನದ ಲೆಕ್ಕ ಹಾಕಿದರೆ ಸಮಯ ಎಂದೂ ಸಾಲದು. ಸೋಮವಾರ ಪ್ರಯೋಗಾಲಯ ಇರುತ್ತದೆ, ಬುಧವಾರ ಟ್ಯೂಷನ್ ಇರುತ್ತದೆ. ಆದ್ದರಿಂದ ವಾರದ ಲೆಕ್ಕ ಹಾಕಬೇಕು. ಏಳು ದಿನಕ್ಕೆ 168 ಗಂಟೆ. ಇದರಲ್ಲಿ ಬಡವ ಬಲ್ಲಿದ ಎಂಬ ಭೇದವಿಲ್ಲ.

ದಿನಕ್ಕೆ 8 ಗಂಟೆಯಂತೆ ನಿದ್ದೆಗೆ 56 ಗಂಟೆ ತೆಗೆದಿಡಿ. ಹದಿಮೂರರಿಂದ ಹದಿನೆಂಟರವರೆಗಿನ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಹಗಲಿನಲ್ಲಿ ಕಲಿತದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ನೆಲೆಸುವುದು ನಿದ್ದೆಯಲ್ಲೇ. ಹಾಗಾಗಿ ಇದರಲ್ಲಿ ಕೈಹಾಕಬೇಡಿ. ಕಾಲೇಜು ಮತ್ತು ಹೋಗಿಬರುವ ದಾರಿಗೆ ದಿನಕ್ಕೆ ಏಳೂವರೆ ಗಂಟೆಯಂತೆ ಆರು ದಿನಕ್ಕೆ 45. ಮನೆಯ ಓದು, ಟ್ಯೂಷನ್ ಎರಡೂ ಸೇರಿ ದಿನಕ್ಕೆ 4 ಗಂಟೆ ಎಂದರೆ 28. ಸ್ನಾನ, ಊಟ, ತಿಂಡಿ, ಮನೆಗೆಲಸಕ್ಕೆ ದಿನಕ್ಕೆ ಎರಡೂವರೆ ಗಂಟೆಯಂತೆ ಹದಿನೇಳೂವರೆ. ಎಲ್ಲ ಕೂಡಿಸಿದರೆ ನೂರ ನಲವತ್ತಾರೂವರೆ. 168ರಲ್ಲಿ ಕಳೆಯಿರಿ. ಉಳಿದದ್ದು ಇಪ್ಪತ್ತೊಂದೂವರೆ ಗಂಟೆ!

ಈ ಅಂಕಿಗಳು ಎಲ್ಲರಿಗೂ ಒಂದೇ ಅಲ್ಲ. ಕೆಂಗೇರಿಯಿಂದ ಬಸ್ಸು ಹಿಡಿದು ಮಲ್ಲೇಶ್ವರದ ಕಾಲೇಜಿಗೆ ಬರುವವರಿಗೆ ದಾರಿಯಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ. ಓದಿಗೆ ಇನ್ನೂ ಏಳು ಗಂಟೆ ಹೆಚ್ಚು ಬೇಕು ಎನ್ನುವವರಿಗೂ ಹದಿನಾಲ್ಕು ಗಂಟೆ ಉಳಿಯುತ್ತದೆ. ಅಂದರೆ ಸಮಯ ಇಲ್ಲವೆಂದಲ್ಲ. ಇರುವ ಸಮಯ ಚಿಲ್ಲರೆ ಕಾಸಿನ ಹಾಗೆ ಜೇಬಿನ ತೂತಿನಿಂದ ಒಂದೊಂದಾಗಿ ಉದುರಿಹೋಗುತ್ತಿದೆ. ಊಟವಾದ ಮೇಲೆ ಹತ್ತು ನಿಮಿಷವೆಂದು ಕೈಗೆತ್ತಿಕೊಂಡ ಮೊಬೈಲು ಮುಕ್ಕಾಲು ಗಂಟೆ ನುಂಗಿರುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ನೋಡಿದ್ದೇನೆಂದು ಮಾರನೆಯ ದಿನ ಕೇಳಿದರೆ ನೆನಪೂ ಇರುವುದಿಲ್ಲ.

ಎಲ್ಲ ಗಂಟೆಯೂ ಒಂದೇ ಜಾತಿಯಲ್ಲ

ಇಪ್ಪತ್ತೊಂದು ಗಂಟೆ ಸಿಕ್ಕಿತಲ್ಲ, ಮೂರರಿಂದ ಭಾಗಿಸಿ ವ್ಯಾಯಾಮಕ್ಕೆ ಏಳು, ಹವ್ಯಾಸಕ್ಕೆ ಏಳು, ಸೃಜನಶೀಲ ಕೆಲಸಕ್ಕೆ ಏಳು ಎಂದು ಹಂಚಿದರೆ ಆಯಿತೇ? ಹಲವರು ಹೀಗೇ ಬಣ್ಣಬಣ್ಣದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಒಂದು ವಾರದಲ್ಲಿ ಅದು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಕಾರಣ ಸೋಮಾರಿತನವಲ್ಲ. ಈ ಮೂರು ಕೆಲಸಗಳಿಗೆ ಮೂರು ಬೇರೆ ಬೇರೆ ಬಗೆಯ ಹೊತ್ತು ಬೇಕು. ಅದನ್ನು ನಾವು ಗಮನಿಸುವುದಿಲ್ಲ.

ವ್ಯಾಯಾಮಕ್ಕೆ ಬೇಕಾದದ್ದು ಕಟ್ಟುನಿಟ್ಟಿನ ಹೊತ್ತು. ದಿನಾ ಅದೇ ವೇಳೆ, ಸಾಧ್ಯವಾದರೆ ಅದೇ ಜಾಗ. ಹವ್ಯಾಸಕ್ಕೆ ಚೂರು ಹೊತ್ತು ಸಾಕು. ಅಲ್ಲೊಂದು ಕಾಲುಗಂಟೆ, ಇಲ್ಲೊಂದು ಅರ್ಧಗಂಟೆ. ಸೃಜನಶೀಲ ಕೆಲಸಕ್ಕೆ ಬೇಕಾದದ್ದು ತಾಜಾ ಹೊತ್ತು. ಮನಸ್ಸು ದಣಿಯದ, ಯಾರೂ ಕರೆಯದ, ಒಂದೇ ಸಮನೆ ಸಿಗುವ ಗಂಟೆ. ಇವನ್ನು ಅದಲು ಬದಲು ಮಾಡಿದರೆ ಕೆಲಸ ಕೆಡುತ್ತದೆ. ಚೂರು ಹೊತ್ತಿನಲ್ಲಿ ಕಥೆ ಬರೆಯಲು ಕೂತವರು ಬೇಸತ್ತು ಏಳುತ್ತಾರೆ. 'ಬಿಡುವಾದಾಗ ವ್ಯಾಯಾಮ ಮಾಡುತ್ತೇನೆ' ಎಂದವರು ಎಂದೂ ಮಾಡುವುದಿಲ್ಲ.

ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಬಸವನಗುಡಿ, ಮಲ್ಲೇಶ್ವರ ಮತ್ತು ಅವುಗಳ ಆಸುಪಾಸಿನ ಬೀದಿಗಳಲ್ಲಿ ಬದುಕಿದ ಕೆಲವರನ್ನು ನೋಡಿದರೆ ಸಾಕು.

ಕಟ್ಟುನಿಟ್ಟಿನ ಹೊತ್ತು: ವ್ಯಾಯಾಮ

ಚಾಮರಾಜಪೇಟೆಗೂ ಬಸವನಗುಡಿಗೂ ದೂರವಲ್ಲದ ಜೆ.ಸಿ. ರಸ್ತೆಯಲ್ಲಿ ಪ್ರೊಫೆಸರ್ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತು. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ಅಯ್ಯರ್ ಅವರು ಅಂಗಸಾಧನೆಯಿಂದ ದೇಶವಿದೇಶಗಳಲ್ಲಿ ಹೆಸರಾದವರು. ಸೂರ್ಯನಮಸ್ಕಾರದ ಬಗ್ಗೆ, ದೇಹ ಬೆಳೆಸುವ ವಿಧಾನದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೂ ವ್ಯಾಯಾಮದ ಮಾರ್ಗದರ್ಶನ ನೀಡಿದವರು.

ಅಯ್ಯರ್ ಅವರ ಬದುಕಿನಲ್ಲಿ ಇದಿಷ್ಟೇ ಇದ್ದಿದ್ದರೆ ಇಲ್ಲಿ ಅವರನ್ನು ನೆನೆಯುವ ಕಾರಣವಿರಲಿಲ್ಲ. ಹೊಯ್ಸಳರ ರಾಣಿಯನ್ನು ಕುರಿತ 'ಶಾಂತಲಾ', ಕಲಾವಿದನ ಕಥೆಯಾದ 'ರೂಪದರ್ಶಿ' ಕಾದಂಬರಿಗಳನ್ನು ಬರೆದವರೂ ಅವರೇ! ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರು. 'ರವಿ ಕಲಾವಿದರು' ಎಂಬ ನಾಟಕ ತಂಡವನ್ನು ಕಟ್ಟಿದವರು. ತೋಳು ಗಟ್ಟಿಯಿದ್ದವರ ತಲೆ ಖಾಲಿ, ತಲೆ ಚುರುಕಿದ್ದವರ ಮೈ ಸಣಕಲು ಎಂದು ತಮಾಷೆ ಮಾಡುವವರಿಗೆ ಅಯ್ಯರ್ ಅವರ ಬದುಕೇ ಉತ್ತರ. ಅವರ ಪಾಲಿಗೆ ವ್ಯಾಯಾಮ ಸಾಹಿತ್ಯದ ಸಮಯವನ್ನು ಕಿತ್ತುಕೊಂಡ ಶತ್ರುವಾಗಲಿಲ್ಲ.

ನಿಮಗೆ ಎಷ್ಟು ವ್ಯಾಯಾಮ ಬೇಕು? ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹದಿನೆಂಟು ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷದ ಹೆಚ್ಚಿನ ಶ್ರಮ. ಇದೆಲ್ಲ ಒಂದೇ ಸಲ ಆಗಬೇಕೆಂದಿಲ್ಲ. ಎರಡು ಬಸ್ ನಿಲ್ದಾಣ ಮೊದಲೇ ಇಳಿದು ಬಿರುಸಾಗಿ ನಡೆದರೆ ಅದೂ ಲೆಕ್ಕಕ್ಕೆ ಬರುತ್ತದೆ. ಲಾಲ್‌ಬಾಗಿನ ಬಂಡೆಯನ್ನು ಹತ್ತಿ ಇಳಿದರೆ, ಬ್ಯೂಗಲ್ ರಾಕ್ ಉದ್ಯಾನದಲ್ಲಿ ಓಡಿದರೆ, 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಸುತ್ತ ಹೆಜ್ಜೆ ಹಾಕಿದರೆ ಯಾವ ಖರ್ಚೂ ದೊಡ್ಡದಲ್ಲ. ಮಳೆ ಬಂದ ದಿನ ಸೂರ್ಯನಮಸ್ಕಾರಕ್ಕೆ ಒಂದು ಚಾಪೆಯಷ್ಟು ಜಾಗ ಸಾಕು.

ಆದರೆ ಹೊತ್ತು ಮಾತ್ರ ಕಟ್ಟುನಿಟ್ಟಾಗಿರಬೇಕು. ಏಕೆಂದರೆ ವ್ಯಾಯಾಮದ ಶತ್ರು ದಣಿವಲ್ಲ, ಚರ್ಚೆ. 'ಇವತ್ತು ಹೋಗಲೋ, ನಾಳೆ ಹೋಗಲೋ' ಎಂದು ಮನಸ್ಸಿನೊಡನೆ ಚರ್ಚೆಗೆ ಕೂತರೆ ಮನಸ್ಸೇ ಗೆಲ್ಲುತ್ತದೆ. ಹಲ್ಲುಜ್ಜುವ ಮುಂಚೆ ಯಾರೂ ಚರ್ಚೆ ಮಾಡುವುದಿಲ್ಲವಲ್ಲ! ದಿನದ ಒಂದು ನಿಶ್ಚಿತ ಕೆಲಸಕ್ಕೆ ಅದನ್ನು ಗಂಟು ಹಾಕಿಬಿಡಿ: ಎದ್ದು ಮುಖ ತೊಳೆದ ಕೂಡಲೆ, ಅಥವಾ ಕಾಲೇಜಿನಿಂದ ಬಂದು ಚೀಲ ಇಟ್ಟ ಕೂಡಲೆ.

'ನಮ್ಮಲ್ಲಿ ಮೈದಾನವಿಲ್ಲ, ಅನುಕೂಲವಿಲ್ಲ' ಎನ್ನುವವರು ಮಲ್ಲೇಶ್ವರದ ಒಂದು ಸಭಾಂಗಣದ ಕಥೆ ಕೇಳಬೇಕು. ಪ್ರಕಾಶ್ ಪಡುಕೋಣೆಯವರು ಬ್ಯಾಡ್ಮಿಂಟನ್ ಕಲಿತದ್ದು ಅಲ್ಲಿನ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆಗಳು ನಡೆಯುವ ಜಾಗವೂ ಹೌದು. ಮದುವೆಯಿದ್ದ ದಿನ ಆಟವಿಲ್ಲ, ಇಲ್ಲದ ದಿನ ಶಾಲೆ ಬಿಟ್ಟೊಡನೆ ಆಟ. ಎಂದು ಸಿಗುತ್ತದೋ ತಿಳಿಯದ ಆ ಅಂಕಣದಲ್ಲಿ ಬೆಳೆದ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಅದನ್ನು ಗೆದ್ದ ಮೊದಲ ಭಾರತೀಯ ಅವರೇ. ಸೌಕರ್ಯ ಪೂರ್ತಿಯಾಗಲಿ ಎಂದು ಕಾದು ಕೂತಿದ್ದರೆ ಏನಾಗುತ್ತಿತ್ತೋ ಊಹಿಸಿ. ನಾವೆಲ್ಲ ಪಡುಕೋಣೆ ಆಗಬೇಕಾಗಿಲ್ಲ. ಆದರೆ ಜಾಗ ಸಿಕ್ಕ ದಿನ ಆಟಕ್ಕೆ ಸಿದ್ಧರಾಗಿರುವುದನ್ನು ಎಲ್ಲರೂ ಕಲಿಯಬಹುದು.

ಚೂರು ಹೊತ್ತು: ಹವ್ಯಾಸ

ಹವ್ಯಾಸ ಎಂದರೇನು? ಬಹುಮಾನವಿಲ್ಲದಿದ್ದರೂ, ಯಾರೂ ನೋಡದಿದ್ದರೂ ಮಾಡಬೇಕೆನಿಸುವ ಕೆಲಸ. ಅಂಚೆಚೀಟಿ ಕೂಡಿಸುವುದು, ಗಿಡ ಬೆಳೆಸುವುದು, ಚದುರಂಗ, ಹಕ್ಕಿ ನೋಡುವುದು, ಸಂಗೀತ ಕೇಳುವುದು, ಫೋಟೋ ತೆಗೆಯುವುದು ಇವೆಲ್ಲ ಹವ್ಯಾಸಗಳೇ. ಇಲ್ಲಿ ನೀವು ಏನನ್ನಾದರೂ ಮಾಡುತ್ತೀರಿ, ಗಮನಿಸುತ್ತೀರಿ. ಕೈಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತಾ ಹೋಗುವುದು ಹವ್ಯಾಸವಲ್ಲ. ಹವ್ಯಾಸದಿಂದ ಎದ್ದಾಗ ಮನಸ್ಸು ಹಗುರಾಗಿರುತ್ತದೆ. ಮತ್ತೊಂದರಿಂದ ಎದ್ದಾಗ ಕಣ್ಣು ಭಾರವಾಗಿರುತ್ತದೆ. ವ್ಯತ್ಯಾಸ ತಿಳಿಯಲು ಇಷ್ಟು ಪರೀಕ್ಷೆ ಸಾಕು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. 1914ರಲ್ಲಿ ಮೈಸೂರು ಸಂಸ್ಥಾನದ ನಾಗರಿಕ ಸೇವೆಗೆ ಸೇರಿದ ಅವರು ಮೂರು ದಶಕಗಳಷ್ಟು ಕಾಲ ದೊಡ್ಡ ಹುದ್ದೆಗಳಲ್ಲಿ ದುಡಿದರು. ಕಡತ, ಪ್ರವಾಸ, ವರ್ಗಾವಣೆಗಳ ನಡುವೆಯೇ 1920ರಲ್ಲಿ 'ಕೆಲವು ಸಣ್ಣ ಕತೆಗಳು' ಹೊರಬಂತು. ನೌಕರಿ ಬಿಟ್ಟ ಮೇಲೆ 'ಜೀವನ' ಪತ್ರಿಕೆಯನ್ನು ಎರಡು ದಶಕ ನಡೆಸಿದರು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ನೂರಕ್ಕೂ ಹೆಚ್ಚು ಪುಸ್ತಕ ಬರೆದ ಈ ಮನುಷ್ಯ ಸದಾ ಮೇಜಿಗೆ ಅಂಟಿಕೊಂಡಿದ್ದಿರಬೇಕು ಎಂದುಕೊಂಡಿರಾ? ಇಲ್ಲ. ಗವಿಪುರದ ತಮ್ಮ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಸಂಜೆ ಹೊತ್ತು ಕೊಡೆ ಹಿಡಿದು ನಡೆದು ಹೋಗುತ್ತಿದ್ದ ಮಾಸ್ತಿಯವರು ಆ ಬೀದಿಗಳಿಗೆ ಪರಿಚಿತ ದೃಶ್ಯ. ಅಲ್ಲಿ ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದರು. ಒಂದೇ ಸಂಜೆಯಲ್ಲಿ ನಡಿಗೆ, ಗೆಳೆತನ, ಆಟ ಮೂರೂ ಆಗುತ್ತಿತ್ತು. ಬರವಣಿಗೆ ಎಷ್ಟೇ ಇದ್ದರೂ ಆ ಸಂಜೆಯನ್ನು ಅವರು ವ್ಯರ್ಥವೆಂದು ತಿಳಿಯಲಿಲ್ಲ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರದು ಇನ್ನೊಂದು ಬಗೆ. ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದಾಗಲೇ 1990ರಲ್ಲಿ ಭಾರತ ತಂಡಕ್ಕೆ ಆಡಿದರು. ಪದವಿಯನ್ನೂ ಮುಗಿಸಿದರು. ಕ್ರಿಕೆಟ್ ಪ್ರವಾಸಗಳಲ್ಲಿ ಅವರ ಜೊತೆಗೆ ಕ್ಯಾಮೆರಾ ಇರುತ್ತಿತ್ತು. ಛಾಯಾಗ್ರಹಣಕ್ಕೆಂದು ಅವರಿಗೆ ಪ್ರತ್ಯೇಕ ರಜೆ ಸಿಕ್ಕಿರಲಾರದು. ಪಂದ್ಯ, ಪ್ರಯಾಣಗಳ ನಡುವಿನ ಚೂರು ಹೊತ್ತಿನಲ್ಲೇ ಆ ಹವ್ಯಾಸ ಬೆಳೆಯಿತು. ಮುಂದೆ ಆ ಚಿತ್ರಗಳೇ ಒಂದು ಪುಸ್ತಕವಾದವು.

ವಾದ್ಯ ಕಲಿಯುತ್ತಿರುವವರಿಗೆ ಇಲ್ಲೊಂದು ಸಮಾಧಾನದ ಸಂಗತಿಯಿದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ನೆನಪಿನ ಬಗ್ಗೆ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಒಂದೇ ಸಲ ರಾಶಿ ಹಾಕಿ ಕಲಿಯುವುದಕ್ಕಿಂತ ದಿನಗಳ ಮೇಲೆ ಹರಡಿ ಕಲಿತದ್ದು ಹೆಚ್ಚು ಉಳಿಯುತ್ತದೆ ಎಂದು ಅವರು ಕಂಡರು. ಆಮೇಲಿನ ಅನೇಕ ಪ್ರಯೋಗಗಳೂ ಅದನ್ನೇ ಹೇಳಿವೆ. ಅಂದರೆ ಭಾನುವಾರ ಎರಡು ಗಂಟೆ ಪಿಟೀಲು ನುಡಿಸಿ ಉಳಿದ ದಿನ ಪೆಟ್ಟಿಗೆ ಮುಚ್ಚಿಡುವುದಕ್ಕಿಂತ, ದಿನಾ ಹದಿನೇಳು ಹದಿನೆಂಟು ನಿಮಿಷ ನುಡಿಸುವುದು ಮೇಲು. ಒಟ್ಟು ಸಮಯ ಅಷ್ಟೇ, ಫಲ ಹೆಚ್ಚು. ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಅಜ್ಜಿಯರೂ ಹೇಳಿದ್ದರು.

ತಾಜಾ ಹೊತ್ತು: ಸೃಜನಶೀಲ ಕೆಲಸ

ಕಥೆ, ಕವಿತೆ, ಚಿತ್ರ, ರಾಗದ ಹೊಸ ಕಲ್ಪನೆ, ವಿಜ್ಞಾನದ ಮಾದರಿ, ಕಂಪ್ಯೂಟರ್ ಪ್ರೋಗ್ರಾಂ, ಕಾಲೇಜಿನ ಗೋಡೆ ಪತ್ರಿಕೆ ಇವುಗಳಿಗೆ ಚೂರು ಹೊತ್ತು ಸಾಲದು. ಏಕೆ? ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಹಿಂದಿನ ಕೆಲಸದ ಚಿಂತೆ ಸ್ವಲ್ಪ ಹೊತ್ತು ತಲೆಯಲ್ಲೇ ಉಳಿದಿರುತ್ತದೆ. ರಸಾಯನಶಾಸ್ತ್ರದ ಸಮೀಕರಣ ಬರೆದು ಎದ್ದ ಕೂಡಲೆ ಕಥೆಯ ಪಾತ್ರ ಮಾತಾಡುವುದಿಲ್ಲ. ಅದು ಬಾಯಿ ಬಿಡುವ ಹೊತ್ತಿಗೆ ನಿಮ್ಮ ಕಾಲುಗಂಟೆ ಮುಗಿದಿರುತ್ತದೆ. ನಡುವೆ ಫೋನು ಒಮ್ಮೆ ಗುನುಗಿದರೆ ಮತ್ತೆ ಮೊದಲಿನಿಂದ ಶುರು.

ಈ ಹೊತ್ತನ್ನು ಕಾಪಾಡಿಕೊಂಡವರಲ್ಲಿ ಸರ್ ಸಿ.ವಿ. ರಾಮನ್ ಅವರದು ದೊಡ್ಡ ಉದಾಹರಣೆ. ನಮಗೆ ಅವರು ಮಲ್ಲೇಶ್ವರದ 'ಪಂಚವಟಿ'ಯ ರಾಮನ್. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು 1970ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನವರೇ ಆಗಿದ್ದರು. ಆದರೆ ಅವರ ಸಮಯದ ಕಥೆ ಶುರುವಾಗುವುದು ಕಲ್ಕತ್ತೆಯಲ್ಲಿ. 1907ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಅಲ್ಲಿಗೆ ಹೋದರು. ಕಲ್ಕತ್ತೆಯ ಬೌ ಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಪ್ರೋತ್ಸಾಹಕ ಸಂಘದ ಪ್ರಯೋಗಾಲಯವಿತ್ತು. ಬೆಳಿಗ್ಗೆ ಸುಮಾರು ಐದೂವರೆಗೆ ಅಲ್ಲಿಗೆ. ಹತ್ತಕ್ಕೆ ಕಾಲು ಗಂಟೆ ಇರುವಾಗ ಮನೆಗೆ ಓಡಿ, ಸ್ನಾನ ಮಾಡಿ, ನಾಲ್ಕು ತುತ್ತು ತಿಂದು ಕಚೇರಿಗೆ. ಸಂಜೆ ಐದಕ್ಕೆ ಕಚೇರಿ ಬಿಟ್ಟರೆ ನೇರ ಪ್ರಯೋಗಾಲಯಕ್ಕೆ. ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ, ಹತ್ತು. ಭಾನುವಾರವೂ ಅಲ್ಲೇ. ನಡುವೆ ರಂಗೂನು, ನಾಗಪುರಗಳ ವರ್ಗಾವಣೆಯ ಕಾಲ ಬಿಟ್ಟರೆ, 1917ರಲ್ಲಿ ಸರ್ಕಾರಿ ಹುದ್ದೆ ಬಿಟ್ಟು ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆ ಒಪ್ಪುವವರೆಗೆ ಹೀಗೇ ನಡೆಯಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಿ. ಮೊದಲನೆಯದು, ದಿನದ ಅತ್ಯಂತ ತಾಜಾ ಹೊತ್ತನ್ನು ರಾಮನ್ ತಮ್ಮ ಪ್ರೀತಿಯ ಕೆಲಸಕ್ಕೆ ಮೊದಲು ಕೊಟ್ಟರು. ಕಚೇರಿಗೆ ಕೊಟ್ಟದ್ದು ಆಮೇಲೆ. ಎರಡನೆಯದು, ಅವರಿಗೆ ಸಂಗೀತ ವಾದ್ಯಗಳ ನಾದದ ಮೇಲಿದ್ದ ಕುತೂಹಲ ಪ್ರತ್ಯೇಕ ಸಮಯ ಕೇಳಲಿಲ್ಲ. ಅದೇ ಸಂಶೋಧನೆಯ ವಿಷಯವಾಯಿತು. ಪಿಟೀಲು, ವೀಣೆ, ಮೃದಂಗಗಳ ನಾದದ ಮೇಲೆ ಅವರು ಪ್ರಬಂಧಗಳನ್ನು ಬರೆದರು. ನೊಬೆಲ್ ಬಹುಮಾನ ತಂದ ಬೆಳಕಿನ ಶೋಧಕ್ಕೆ ಮುಂಚಿನಿಂದಲೂ ಈ ನಾದದ ಶೋಧ ನಡೆದಿತ್ತು. ನಿಮಗೂ ಇಂಥ ಜೋಡಣೆ ಸಾಧ್ಯ. ಗಿಡ ಬೆಳೆಸುವವರು ಅದರ ದಿನಚರಿ ಬರೆದರೆ ಸಸ್ಯಶಾಸ್ತ್ರವೂ ಆಯಿತು, ಬರವಣಿಗೆಯೂ ಆಯಿತು.

ಆದರೆ ರಾಮನ್ ಅವರ ಗಡಿಯಾರವನ್ನು ಹಾಗೇ ನಕಲು ಮಾಡಬೇಡಿ. ನಿಮಗೆ ಬೇಕಾದದ್ದು ವಾರಕ್ಕೆ ನಾಲ್ಕು ಸಲ, ಒಂದೊಂದು ಸಲಕ್ಕೆ ಒಂದೂವರೆ ಗಂಟೆ. ಒಮ್ಮೆಗೆ ಒಂದೇ ಕೆಲಸ ಹಿಡಿಯಿರಿ. ಕಥೆ ಮುಗಿಯುವವರೆಗೆ ಚಿತ್ರ ಬೇಡ. ಫೋನು ಬೇರೆ ಕೋಣೆಯಲ್ಲಿರಲಿ. ಇವತ್ತಿನ ಕೆಲಸ ನಿಲ್ಲಿಸುವಾಗ ನಾಳೆ ಎಲ್ಲಿಂದ ಶುರು ಮಾಡಬೇಕೆಂದು ಒಂದು ಸಾಲು ಬರೆದಿಡಿ. ನಾಳೆ ಕೂತ ಕೂಡಲೆ ಕೈ ಓಡುತ್ತದೆ.

ಯಾರ ಸಮಯ ಇದು?

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ರಾಮನ್ ಹತ್ತಕ್ಕೆ ಮುಂಚೆ ಓಡಿಬಂದು ತಿನ್ನುತ್ತಿದ್ದ ಆ ನಾಲ್ಕು ತುತ್ತು ತಾನಾಗಿ ಎಲೆಗೆ ಬರುತ್ತಿರಲಿಲ್ಲ. ಅವರ ಮಡದಿ ಲೋಕಸುಂದರಿ ಅಮ್ಮಾಳ್ ಮನೆಯನ್ನು ನೋಡಿಕೊಳ್ಳುತ್ತಿದ್ದರು. ಆಕೆಯೂ ವೀಣೆ ನುಡಿಸುತ್ತಿದ್ದವರು. ಒಬ್ಬರ ಬಿಡುವಿನ ಹಿಂದೆ ಇನ್ನೊಬ್ಬರ ದುಡಿಮೆ ಇರುತ್ತದೆ.

ಇದು ನೂರು ವರ್ಷದ ಹಿಂದಿನ ಮಾತಷ್ಟೇ ಅಲ್ಲ. ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಯ ಸಂಬಳವಿಲ್ಲದ ಕೆಲಸಗಳಲ್ಲಿ ತೊಡಗಿದ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 299 ನಿಮಿಷ ಆ ಕೆಲಸ ಮಾಡುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರ ಸರಾಸರಿ 97 ನಿಮಿಷ. ನಮ್ಮ ಲೆಕ್ಕದಲ್ಲಿ ಊಟ, ಸ್ನಾನ, ಮನೆಗೆಲಸ ಎಲ್ಲಕ್ಕೂ ಸೇರಿಸಿ ಇಟ್ಟದ್ದು ಎರಡೂವರೆ ಗಂಟೆ. ಕಾಲೇಜಿನಿಂದ ಬಂದು ಕಸ ಗುಡಿಸಿ, ಪಾತ್ರೆ ತೊಳೆದು, ತಮ್ಮನಿಗೆ ತಿಂಡಿ ಕೊಟ್ಟು ಕೂರುವ ಅಕ್ಕನಿಗೆ ಇಪ್ಪತ್ತೊಂದು ಗಂಟೆ ಎಲ್ಲಿಂದ ಉಳಿಯಬೇಕು? ಅವಳ ಪಿಟೀಲು ಅಟ್ಟ ಸೇರಿದ್ದು ಪರೀಕ್ಷೆಯಿಂದಲೋ, ಪಾತ್ರೆಯ ರಾಶಿಯಿಂದಲೋ?

ಹುಡುಗರೇ, ನಿಮ್ಮ ತಟ್ಟೆ ನೀವೇ ತೊಳೆದು, ನಿಮ್ಮ ಬಟ್ಟೆ ನೀವೇ ಒಗೆದು ಹಾಕಿದರೆ ದಿನಕ್ಕೆ ಇಪ್ಪತ್ತು ನಿಮಿಷ ಹೋಗಬಹುದು. ಆ ಇಪ್ಪತ್ತು ನಿಮಿಷದಲ್ಲಿ ನಿಮ್ಮಕ್ಕ ಒಂದು ವರ್ಣ ಅಭ್ಯಾಸ ಮಾಡಬಲ್ಲಳು. ತಾಯಂದಿರಿಗೂ ಒಂದು ಕಾಲದಲ್ಲಿ ಹವ್ಯಾಸವಿತ್ತು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಮನೆಯವರೆಲ್ಲ ಕೂತು ಲೆಕ್ಕ ಹಾಕದ ಹೊರತು ಸಮಯದ ಲೆಕ್ಕ ಸರಿಹೋಗುವುದಿಲ್ಲ.

ಪರೀಕ್ಷೆಯ ತಿಂಗಳಲ್ಲಿ ಏನು ಮಾಡುವುದು?

ಎಲ್ಲ ಕಾಲವೂ ಒಂದೇ ರೀತಿ ಇರುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಓದಿಗೆ ಹೆಚ್ಚು ಹೊತ್ತು ಬೇಕೇ ಬೇಕು. ಇಲ್ಲಿ ಒಂದೇ ಸೂತ್ರ: ಕಡಿಮೆ ಮಾಡಿ, ನಿಲ್ಲಿಸಬೇಡಿ. ಒಂದು ಗಂಟೆಯ ಆಟ ಅರ್ಧ ಗಂಟೆಯ ನಡಿಗೆಯಾಗಲಿ. ಹದಿನೆಂಟು ನಿಮಿಷದ ಪಿಟೀಲು ಎಂಟು ನಿಮಿಷವಾಗಲಿ. ಪೆಟ್ಟಿಗೆ ಅಟ್ಟಕ್ಕೆ ಹೋಗದೆ ಕೋಣೆಯ ಮೂಲೆಯಲ್ಲೇ ಇರಲಿ. ಆರಿದ ಒಲೆಯನ್ನು ಮತ್ತೆ ಹೊತ್ತಿಸುವುದಕ್ಕಿಂತ ಬೂದಿಯಡಿ ಕೆಂಡ ಉಳಿಸಿಕೊಳ್ಳುವುದು ಸುಲಭ. ದೊಡ್ಡ ಸೃಜನಶೀಲ ಕೆಲಸವನ್ನು ಮಾತ್ರ ಆ ಎರಡು ತಿಂಗಳು ಮುಂದಕ್ಕೆ ಹಾಕಬಹುದು. ಹೊಳೆದ ವಿಚಾರಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಅವು ಕಾಯುತ್ತವೆ. ದೇಹ ಮಾತ್ರ ಕಾಯುವುದಿಲ್ಲ.

ಇನ್ನೊಂದು ಕಹಿ ಮಾತು. ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ಕೈಗೆ ಬರುವುದಿಲ್ಲ. ಸಂಗೀತ, ಚಿತ್ರಕಲೆ, ಕರಾಟೆ, ಚದುರಂಗ, ಈಜು ಎಲ್ಲದರ ತರಗತಿಗೂ ಸೇರಿದ ಮಕ್ಕಳನ್ನು ನೀವು ನೋಡಿದ್ದೀರಿ. ಗಾಣದೆತ್ತಿನ ಹಾಗೆ ಅವರಿಗೆ ಸುತ್ತಾಟ ತಪ್ಪುವುದಿಲ್ಲ, ಊರು ಬರುವುದಿಲ್ಲ. ಒಂದು ವ್ಯಾಯಾಮ, ಒಂದು ಹವ್ಯಾಸ, ಒಂದು ಸೃಜನಶೀಲ ಕೆಲಸ. ಈ ವರ್ಷಕ್ಕೆ ಇಷ್ಟು ಸಾಕು. ಉಳಿದದ್ದನ್ನು ಬಿಡುವಾಗ ಬೇಸರವಾಗುತ್ತದೆ, ನಿಜ. ಆದರೆ ಬಿಡುವುದನ್ನು ಕಲಿಯದವರಿಗೆ ಬಿಡುವು ಸಿಗುವುದಿಲ್ಲ.

ಈ ಭಾನುವಾರದ ಕೆಲಸ

ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ವಾರದ 168 ಗಂಟೆ ಎಲ್ಲಿ ಹೋಯಿತು ಎಂದು ಪ್ರಾಮಾಣಿಕವಾಗಿ ಬರೆಯಿರಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಉಳಿದ ಗಂಟೆಗಳನ್ನು ಎಣಿಸಿ. ಇಪ್ಪತ್ತೊಂದೂವರೆ ಸಿಕ್ಕಿತು ಎನ್ನೋಣ. ಅದರಲ್ಲಿ 7 ಗಂಟೆ ವ್ಯಾಯಾಮಕ್ಕೆ ಕಟ್ಟುನಿಟ್ಟಾಗಿ ಗೊತ್ತುಮಾಡಿ. ತಾಜಾ ಹೊತ್ತಿನ 6 ಗಂಟೆ ಸೃಜನಶೀಲ ಕೆಲಸಕ್ಕೆ. ಚೂರುಚೂರಾಗಿ ಸಿಗುವ 4 ಗಂಟೆ ಹವ್ಯಾಸಕ್ಕೆ. ಉಳಿದ ನಾಲ್ಕೂವರೆ ಗಂಟೆಗೆ ಏನನ್ನೂ ಬರೆಯಬೇಡಿ. ಗೆಳೆಯರು ಬರುತ್ತಾರೆ, ಅಜ್ಜಿಗೆ ಮಾತಾಡಬೇಕೆನಿಸುತ್ತದೆ, ಮಳೆ ಬಂದು ಕಿಟಕಿಯ ಬಳಿ ಸುಮ್ಮನೆ ಕೂರಬೇಕೆನಿಸುತ್ತದೆ. ಅದಕ್ಕೂ ಜಾಗ ಬೇಕು.

ಲೆಕ್ಕ ಮುಗಿದ ಮೇಲೆ ಕುರ್ಚಿ ಹಾಕಿಕೊಂಡು ಅಟ್ಟದ ಮೇಲಿರುವುದನ್ನು ಕೆಳಗಿಳಿಸಿ. ಧೂಳು ಒರೆಸಿ. ಮೊದಲ ದಿನ ಶ್ರುತಿ ಕೂಡದಿದ್ದರೂ ಚಿಂತೆಯಿಲ್ಲ. ನಾಳೆಯೂ ಅದೇ ಹೊತ್ತಿಗೆ ಮತ್ತೆ ಕೂರುತ್ತೀರಲ್ಲ!